ಹಿಕ್ಸ್‌ವಿಲ್‌ನಿಂದ ಒಯ್ದ ತಂಬಿಗೆ

1977ರ ಜನವರಿಯ ಒಂದು ಶನಿವಾರ ಅಪ್ಪ ಹಿಕ್ಸ್‌ವಿಲ್‌ನ ನಮ್ಮ ಅಡುಗೆಮನೆಯ ಕಿಟಕಿಯ ಬಳಿ ನಿಂತು ನೀರು ಕುಡಿದರು. ತಲೆ ಹಿಂದಕ್ಕೆ ಬಾಗಿಸಿ, ಸ್ಟೀಲಿನ ತಂಬಿಗೆಯನ್ನು ತುಟಿಗೆ ತಾಗಿಸದೆ, ಗೇಣು ಎತ್ತರದಿಂದ ಬಾಯಿಗೆ ಸುರಿದುಕೊಂಡರು. ಹುಬ್ಬಳ್ಳಿಯಲ್ಲಿ ಮೂವತ್ತು ವರ್ಷ ರೈಲ್ವೆ ಗಾರ್ಡ್ ಆಗಿದ್ದವರು. ಓಡುವ ಗಾಡಿಯಲ್ಲೂ ಹೀಗೆಯೇ ಕುಡಿಯುತ್ತಿದ್ದರು, ಅಂಗಿಯ ಮೇಲೆ ಒಂದು ಹನಿ ಬೀಳುತ್ತಿರಲಿಲ್ಲ. ತಂಬಿಗೆಯನ್ನು ಸಿಂಕಿನ ಪಕ್ಕ ಬೋರಲು ಹಾಕಿ, "ಹೊರಡೋಣೇನವಾ?" ಎಂದರು. ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿರುವ ಅಣ್ಣನ ಮನೆಗೆ ಎರಡು ದಿನಕ್ಕೆಂದು ಹೊರಟಿದ್ದೆವು. ಎರಡು ದಿನಕ್ಕೆ ತಂಬಿಗೆ ಏಕೆ ಎಂದು ಅದನ್ನು ಅಲ್ಲಿಯೇ ಬಿಟ್ಟೆವು.

ಮರುದಿನ ಬೆಳಿಗ್ಗೆ ಅಣ್ಣನ ಮನೆಯ ಮುಂದೆ ಹಿಮಗಟ್ಟಿದ್ದ ಡ್ರೈವ್‌ವೇಯಲ್ಲಿ ಅಪ್ಪ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಆಪರೇಷನ್ ಆಯಿತು, ಐದು ವಾರ ಆಸ್ಪತ್ರೆಯಲ್ಲಿದ್ದರು. ಎರಡೂ ಮನೆಗಳಲ್ಲಿ ಮೆಟ್ಟಿಲು ಹತ್ತದೆ ಮಲಗುವ ಕೋಣೆ ಸಿಗುವುದಿಲ್ಲ. ಹಗಲು ಮನೆಯಲ್ಲಿ ಯಾರೂ ಇರುವುದಿಲ್ಲ. ಆಸ್ಪತ್ರೆಯವರು ಹೇಳಿದಂತೆ ಅವರನ್ನು ನರ್ಸಿಂಗ್ ಹೋಮಿಗೆ ಸೇರಿಸಿದೆವು. ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಆಪರೇಷನ್ನಿಗೋ ಹೋಗಿ ವಾರದಲ್ಲಿ ಮನೆಗೆ ಬರುವ ಸಣ್ಣ ಆಸ್ಪತ್ರೆ. ಇಲ್ಲಿ ಅದು ವಯಸ್ಸಾದವರು ಇರಲು ಹೋಗುವ ಜಾಗ. ಊರಿಗೆ ಬರೆದ ಕಾಗದದಲ್ಲಿ ಈ ವ್ಯತ್ಯಾಸವನ್ನು ನಾನು ಬಿಡಿಸಿ ಬರೆಯಲಿಲ್ಲ.

ಸೇರಿಸಿದ ಹತ್ತನೆಯ ದಿನ ಅಣ್ಣ ಫೋನ್ ಮಾಡಿದ.

"ಅಪ್ಪ ನೀರು ಕುಡಿಯೋದು ಬಿಟ್ಟಾರ. ಚಮಚದಾಗ ಕೊಟ್ಟ ಸೂಪಷ್ಟ ಒಳಗ ಹೋಗ್ತದ. ಕಪ್ ಹಿಡದ್ರ ಮುಖಾ ತಿರವತಾರ. ಇನ್ನ ಸಾಕು ಅಂತ ಮನಸ್ಸಿನ್ಯಾಗ ಮಾಡ್ಯಾರೋ ಏನೋ. ಸೋಮವಾರದೊಳಗ ಕುಡೀಲಿಲ್ಲಂದ್ರ ಮತ್ತ ಆಸ್ಪತ್ರೆಗೆ ಕಳಸ್ತೀವಿ, ಮೂಗಿನ್ಯಾಗ ಟ್ಯೂಬ್ ಹಾಕಬೇಕಾಗ್ತದ ಅಂತಾರ ಡಾಕ್ಟರು."

ಶನಿವಾರ ಬೆಳಿಗ್ಗೆ ಏಳೂವರೆಯ ರೈಲು ಹಿಡಿದೆ. ಹಿಕ್ಸ್‌ವಿಲ್‌ನಿಂದ ಮ್ಯಾನ್‌ಹಟನ್‌ಗೆ ಸುಮಾರು ಇಪ್ಪತ್ತೇಳು ಮೈಲಿ, ಅಲ್ಲಿಂದ ಗಾಡಿ ಬದಲಿಸಿದರೆ ಮೆಟುಚೆನ್‌ಗೂ ಹೆಚ್ಚುಕಡಿಮೆ ಅಷ್ಟೇ. ಚೀಲದಲ್ಲಿ ಮೊಸರನ್ನದ ಡಬ್ಬಿ, ಅಪ್ಪನ ಉಣ್ಣೆಯ ಕಾಲುಚೀಲ, ಜೊತೆಗೆ ತಂಬಿಗೆ. ಅದು ಅಷ್ಟು ದಿನವೂ ಸಿಂಕಿನ ಪಕ್ಕ ಬೋರಲಾಗಿಯೇ ಇತ್ತು. ಅಪ್ಪನ ಸಾಮಾನು ಅಪ್ಪನ ಹತ್ತಿರ ಇರಲಿ ಎಂದು ತೆಗೆದುಕೊಂಡೆ, ಬೇರೆ ಯೋಚನೆ ಇರಲಿಲ್ಲ.

ಎರಡನೆಯ ಗಾಡಿಯಲ್ಲಿ ಹೀಟರು ಕೆಲಸ ಮಾಡುತ್ತಿರಲಿಲ್ಲ. ನ್ಯೂವಾರ್ಕ್ ಸ್ಟೇಷನ್ ದಾಟಿದ ಮೇಲೆ ಹಳಿಯ ಎರಡೂ ಬದಿಗೆ ಮಸಿ ಹಿಡಿದ ಹಿಮದ ರಾಶಿ, ಕಾರ್ಖಾನೆಗಳ ಹಿಂಭಾಗ. ಟಿಕೆಟ್ ತೂತು ಮಾಡಲು ಬಂದ ಕಂಡಕ್ಟರು ಚೀಲದಿಂದ ಇಣುಕುತ್ತಿದ್ದ ತಂಬಿಗೆಯನ್ನು ನೋಡಿದರು.

"ಯಾವ ಆಟದಲ್ಲಿ ಗೆದ್ದ ಟ್ರೋಫಿ ಅದು? ಬೌಲಿಂಗಾ?"

"ಅಲ್ಲ, ನೀರು ಕುಡಿಯುವ ಪಾತ್ರೆ."

"ಅಷ್ಟು ದೊಡ್ಡದಾ? ಮನೇಲಿ ಕುದುರೆ ಇದೆಯೇನು?" ಎಂದು ಹೇಳಿ ಮುಂದೆ ಹೋದರು.

ಮೆಟುಚೆನ್ ತಲುಪಿದಾಗ ಹನ್ನೊಂದು ನಿಮಿಷ ತಡವಾಗಿತ್ತು. ಅಣ್ಣ ಕಾರಿನಲ್ಲಿ ಕಾದಿದ್ದ. ನರ್ಸಿಂಗ್ ಹೋಮ್ ಅಲ್ಲಿಂದ ಎಂಟು ಮೈಲಿ, ಒಂದೇ ಅಂತಸ್ತಿನ ಉದ್ದನೆಯ ಇಟ್ಟಿಗೆ ಕಟ್ಟಡ. ಒಳಗೆ ಬಹಳ ಸೆಕೆ. ಬೇಯಿಸಿದ ಕ್ಯಾರೆಟ್ಟಿನ ವಾಸನೆಯೂ ನೆಲ ಒರೆಸುವ ಔಷಧಿಯ ವಾಸನೆಯೂ ಬೆರೆತಿದ್ದವು. ಕಾರಿಡಾರಿನಲ್ಲಿ ಗಾಲಿಕುರ್ಚಿಯಲ್ಲಿದ್ದ ಒಬ್ಬ ಮುದುಕಿ ನನ್ನ ಸೀರೆಯ ಅಂಚು ಮುಟ್ಟಿ ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿದರು.

ಅಪ್ಪ ಹಾಸಿಗೆಯಲ್ಲಿ ಅರೆ ಕುಳಿತಿದ್ದರು. ತುಟಿ ಒಡೆದಿತ್ತು.

"ಗಾಡಿ ಎಷ್ಟು ಲೇಟು?"

"ಹನ್ನೊಂದು ನಿಮಿಷ."

"ಸಿಗ್ನಲ್ ಸಿಕ್ಕಿರಂಗಿಲ್ಲ," ಎಂದರು. ಸಾಯಲು ನಿಶ್ಚಯಿಸಿದವರ ಮಾತಿನಂತೆ ಅದು ನನಗೆ ಕೇಳಲಿಲ್ಲ.

ಮೇಜಿನ ಮೇಲೆ ಮುಚ್ಚಳವಿದ್ದ ಒಂದು ಪ್ಲಾಸ್ಟಿಕ್ ಕಪ್ ಇತ್ತು. ಚಿಕ್ಕ ಮಕ್ಕಳು ಚೀಪುವಂಥ ಮೂತಿ ಅದಕ್ಕೆ. ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಡೊರತಿ ಎಂಬ ಐವತ್ತರ ಹೆಂಗಸು ನನಗೆ ವಿವರಿಸಿದರು.

"ನೋಡಮ್ಮಾ, ನಿನ್ನ ತಂದೆಗೆ ಬಾಯಿ ಎಲ್ಲಿದೆ ಅಂತ ತಿಳಿಯೋದಿಲ್ಲ. ಮೊದಲ ದಿನ ಪೇಪರ್ ಕಪ್ ಕೊಟ್ಟೆ. ಹಣೆ ಮಟ್ಟಕ್ಕೆ ಎತ್ತಿ ಸುರಿದುಬಿಟ್ಟರು. ಹಾಸಿಗೆ ಎಲ್ಲ ಒದ್ದೆ. ಅದಕ್ಕೇ ಈ ಕಪ್."

ನಾನು ಅಪ್ಪನ ಕಡೆ ತಿರುಗಿದೆ. "ಅಪ್ಪಾ, ನೀರು ಯಾಕ ಕುಡೀವಲ್ರಿ?"

"ಕುಡೀಲಿಕ್ಕೆ ಕೊಟ್ರ ಕುಡೀತೀನಿ. ಆಸ್ಪತ್ರ್ಯಾಗ ಕೂಡಿಸಿ ಗ್ಲಾಸಿನ್ಯಾಗ ಕೊಡತಿದ್ರು. ಈ ಕಪ್ ಕೂಸಿಂದು. ಯಾರ‍್ಯಾರು ಬಾಯಿ ಹಚ್ಚ್ಯಾರೋ ಏನೋ. ಮಲಗಿಸಿ ಕೊಟ್ರ ಯಾರು ಕುಡೀಬೇಕು? ಎಬ್ಬಿಸಿ ಕೂಡಸು ಅಂತ ಇವಗ ಹೇಳೀನಿ." ಅಪ್ಪ ಅಣ್ಣನ ಕಡೆ ಗದ್ದ ತೋರಿಸಿದರು.

ಅಣ್ಣ ಕಿಟಕಿಯ ಕಡೆ ನೋಡುತ್ತಿದ್ದ. "ಹೇಳಿದ್ರು," ಎಂದ. "ನಾನು ಅಡ್ಜಸ್ಟ್ ಮಾಡ್ಕೋರಿ ಅಂದೆ."

ನಾನು ತಂಬಿಗೆ ತೊಳೆದು ಅರ್ಧ ನೀರು ತುಂಬಿ ತಂದೆ. ಕುರ್ಚಿಯಲ್ಲಿ ಕೂರಿಸಲು ಡೊರತಿಯನ್ನು ಕೇಳಿದೆ. ಅವರೂ ಅಣ್ಣನೂ ಸೇರಿ ಕೂರಿಸಿದರು. ಡೊರತಿ ಟವೆಲ್ ಹಿಡಿದು ಸಿದ್ಧವಾಗಿ ನಿಂತರು. ಅಪ್ಪ ತಂಬಿಗೆಯ ಕಂಠ ಹಿಡಿದು ಒಂದು ಕ್ಷಣ ತೂಕ ನೋಡಿದರು. ತಲೆ ಹಿಂದಕ್ಕೆ ಬಾಗಿಸಿ ಸುರಿದುಕೊಂಡರು. ಮೊದಲ ಗುಟುಕು ಗದ್ದದ ಮೇಲೆ ಹೋಯಿತು. ಆಮೇಲೆ ಧಾರೆ ನೇರವಾಯಿತು. ಗಂಟಲು ಏರುವುದು ಇಳಿಯುವುದು ಕಾಣುತ್ತಿತ್ತು. ನಿಲ್ಲಿಸದೆ ತಂಬಿಗೆ ಖಾಲಿ ಮಾಡಿ, "ಇನ್ನಷ್ಟು ತಾ," ಎಂದರು.

ಡೊರತಿ ಟವೆಲ್ ಹೆಗಲಿಗೆ ಹಾಕಿಕೊಂಡರು. ಪೇಪರ್ ಕಪ್ಪಿನಲ್ಲಿ ನೀರು ತಂದು ತಾವೂ ಅದೇ ರೀತಿ ಎತ್ತಿದರು. ನೀರು ಮೂಗಿಗೆ ಹೋಗಿ ಕೆಮ್ಮಿದರು, ಸಮವಸ್ತ್ರದ ಮುಂಭಾಗ ನೆನೆಯಿತು. ಅಪ್ಪ ನಕ್ಕರು.

"ನಿಂತ ನೆಲದ ಮ್ಯಾಲೆ ಇದೇನು ದೊಡ್ಡದು? ಓಡೋ ಗಾಡಿಯೊಳಗ ಕುಡೀಬೇಕು ಅಂತ ಹೇಳು ಆಕಿಗೆ."

ಹೇಳಿದೆ. "ಸಂಜೆ ನಾಲ್ಕರ ಹೊತ್ತಿಗೆ ನನ್ನ ಕಾಲ ಕೆಳಗೂ ನೆಲ ಓಡ್ತಿರುತ್ತೆ ಅಂತ ಅವರಿಗೆ ಹೇಳು," ಎಂದರು ಡೊರತಿ ಮುಖ ಒರೆಸಿಕೊಳ್ಳುತ್ತ. ಮೂತಿಯ ಕಪ್ಪನ್ನು ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡರು.

ಹೊರಡುವ ಮೊದಲು ಹೆಡ್ ನರ್ಸ್ ಬಂದರು. ಹೆಸರಿಲ್ಲದ ಸಾಮಾನು ಇಲ್ಲಿ ಕಳೆದುಹೋಗುತ್ತದೆ, ಪಾತ್ರೆಗೆ ಹೆಸರು ಬೇಕು ಎಂದರು. ಹೆಸರಿದೆ ಎಂದು ತಂಬಿಗೆಯ ಅಂಚು ತೋರಿಸಿದೆ. ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಕನ್ನಡ ಅಕ್ಷರ. ಅಮ್ಮನ ಹೆಸರು.

"ಇದನ್ನು ಇಲ್ಲಿ ಓದೋರು ಯಾರು?" ಎಂದು ಅವರು ಬಿಳಿ ಟೇಪಿನ ಮೇಲೆ ಕೋಣೆಯ ನಂಬರು ಬರೆದು ಅದರ ಮೇಲೆಯೇ ಅಂಟಿಸಿದರು. ತೊಳೆದರೆ ಟೇಪು ನಿಲ್ಲುವುದಿಲ್ಲ ಎಂದು ನನಗೆ ಅನ್ನಿಸಿತು. ತಂಬಿಗೆಯನ್ನು ಅಪ್ಪನ ಮೇಜಿನ ಮೇಲಿಟ್ಟು ಹೊರಟೆ.

ಕಾರು ತಿರುಗುವಾಗ ನೋಡಿದೆ. ಅಪ್ಪ ಕಿಟಕಿಯಲ್ಲಿ ಕುರ್ಚಿಯಲ್ಲೇ ಇದ್ದರು. ಗಾಡಿ ಬಿಡುವ ಗಾರ್ಡ್ ಬಾವುಟ ತೋರಿಸುವಂತೆ ಕೈ ಒಮ್ಮೆ ಎತ್ತಿ ಇಳಿಸಿದರು. ವಾಪಸು ಬರುವ ರೈಲು ಸರಿಯಾದ ಸಮಯಕ್ಕೆ ಹೊರಟಿತು. ಸೋಮವಾರ ಡಾಕ್ಟರು ಟ್ಯೂಬ್ ಬೇಡ ಎಂದರು.

ಅಪ್ಪ ಅಕ್ಟೋಬರಿನವರೆಗೆ ಇದ್ದರು. ನ್ಯುಮೋನಿಯಾ ಆಗಿ ಎರಡೇ ದಿನದಲ್ಲಿ ಹೋದರು. ಅವರ ಸಾಮಾನನ್ನು ಕಂದು ಕಾಗದದ ಚೀಲದಲ್ಲಿ ಕೊಟ್ಟಿದ್ದರು, ಅದನ್ನು ಅಣ್ಣ ತಂದುಕೊಟ್ಟ. ಕನ್ನಡಕ, ಕೈಗಡಿಯಾರ, ಎರಡು ಸ್ವೆಟರ್, ಉಣ್ಣೆಯ ಕಾಲುಚೀಲ, ಅವರು ಕೇಳಿ ತರಿಸಿಕೊಂಡಿದ್ದ ರೈಲಿನ ವೇಳಾಪಟ್ಟಿ ಇದ್ದವು. ತಂಬಿಗೆ ಇರಲಿಲ್ಲ. ನಾನು ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ. ಡೊರತಿ ಅಷ್ಟರಲ್ಲಿ ಬೇರೆ ಕಡೆ ಕೆಲಸಕ್ಕೆ ಹೋಗಿದ್ದರು. ಅಡುಗೆಮನೆಯಲ್ಲಿ ಹುಡುಕಿಸುತ್ತೇವೆ ಎಂದು ಅಲ್ಲಿಯವರು ಹೇಳಿದರು, ಎರಡು ಸಲ ಹುಡುಕಿಸಿದರು ಕೂಡ.

ತಂಬಿಗೆ ಇನ್ನೂ ಸಿಕ್ಕಿಲ್ಲ.