ಕೊನೇ ಕಂಬದ ಮೋಟರು

ಅವ್ವನ ಮೋಟರನ್ನು ಲೈನಿನಿಂದ ಕಿತ್ತುಹಾಕಬೇಕೆಂದು ಊರವರು ಬಂದು ನಿಂತಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ನಾಗಮಂಗಲದ ಕಡೆ, ಬೆಳ್ಳೂರು ದಾರಿಯಿಂದ ಒಳಕ್ಕೆ ನಮ್ಮ ಜಮೀನು. ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿ ಎಲ್ಲರ ಹೊಲ ದಾಟಿ ಬಂದರೆ, ಕೊನೇ ಕಂಬದಲ್ಲಿ ಅವ್ವನ ಬೋರ್‌ವೆಲ್ಲು. ಎಲ್ಲರದೂ ಆಟೋ ಸ್ಟಾರ್ಟರು. ಕರೆಂಟು ಬಂದ ಕ್ಷಣವೇ ಅಷ್ಟೂ ಮೋಟರು ಒಟ್ಟಿಗೆ ಏಳುತ್ತವೆ. ನಮ್ಮ ಕಂಬಕ್ಕೆ ವೋಲ್ಟೇಜು ಉಳಿಯುವುದಿಲ್ಲ. ನೀರಿಲ್ಲದಿದ್ದರೆ ಹಿಪ್ಪುನೇರಳೆ ಸೊಪ್ಪಿಲ್ಲ, ಸೊಪ್ಪಿಲ್ಲದಿದ್ದರೆ ಅವ್ವ ಸಾಕುವ ರೇಷ್ಮೆ ಹುಳುವೂ ಇಲ್ಲ.

ಪಕ್ಕದ ಹೊಲದವನು ವರಸೆಯಲ್ಲಿ ಅವ್ವನಿಗೆ ತಮ್ಮ, ನನಗೆ ಮಾವ. ಅವನದೇ ಎಲ್ಲರಿಗಿಂತ ಜೋರು ಬಾಯಿ.

"ಅಕ್ಕಯ್ಯ, ನಿನ್ ಮೋಟರೇ ಲೈನ್ನ ಎಳೀತಾ ಅದೆ. ಅದ್ನ ಕಿತ್ಬುಟ್ರೆ ಎಲ್ಲಾರ್ಗೂ ನೆಮ್ದಿ."

ನಾನು ಪಾಂಡವಪುರದಲ್ಲಿ ಡಿಪ್ಲೊಮಾ ಮಕ್ಕಳಿಗೆ ಈ ಕರೆಂಟಿನ ಪಾಠವನ್ನೇ ಮಾಡುವವಳು. ಕರೆಂಟಿಗೆ ತಂತಿ ಒಡ್ಡುವ ಅಡ್ಡಿಯನ್ನೆಲ್ಲ, ಅಂದರೆ ರೆಸಿಸ್ಟೆನ್ಸನ್ನು, ಒಟ್ಟುಗೂಡಿಸಿ ಬೋರ್ಡಿನ ಮೇಲೆ ಒಂದೇ ಡಬ್ಬಿ ಬರೆಯುತ್ತೇನೆ, ಲೆಕ್ಕ ಸುಲಭವಾಗಲೆಂದು. ನಿಜವಾದ ತಂತಿಯಲ್ಲಿ ಆ ಡಬ್ಬಿ ಎಲ್ಲೂ ಇಲ್ಲ. ಅಡ್ಡಿ ಉದ್ದಕ್ಕೂ ಮೊಳಮೊಳಕ್ಕೂ ಹರಡಿರುತ್ತದೆ. ಇವರು ಆ ಡಬ್ಬಿಯನ್ನು ತಂದು, ತಪ್ಪೆಲ್ಲ ಅವಳೊಬ್ಬಳದೇ ಎಂಬಂತೆ, ಅವ್ವನ ತಲೆ ಮೇಲೆ ಇಟ್ಟಿದ್ದರು.

"ಮಾವ, ವೋಲ್ಟೇಜು ಮೊದಲ್ನೇ ಕಂಬದಿಂದ್ಲೇ ಇಳೀತಾ ಬರ್ತದೆ. ಎಲ್ಲಾರ್ ಮೋಟರೂ ಸೇರಿ ಇಳಿಸ್ತವೆ," ಅಂದೆ.

"ನಿನ್ ಪಾಠ ಕಾಲೇಜ್ನಲ್ಲೇ ಇಟ್ಕೊ ಕಣವ್ವ."

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಕರೆಂಟು ಬರುವ ಮುಂಚೆಯೇ ಹೋಗಿ ತನ್ನ ಮೋಟರಿನ ಫ್ಯೂಸು ಕಿತ್ತು ಕೈಯಲ್ಲಿ ಹಿಡಿದಳು.

"ತಗಳ್ರಲಾ, ನಂದು ಆಫು. ಈಗ ನಿಮ್ದು ಓಡಿಸ್ರಿ, ನೋಡವಾ."

ಕರೆಂಟು ಬಂತು. ಎಲ್ಲ ಮೋಟರೂ ಎದ್ದವು. ಈಗ ಲೈನಿನ ಕೊನೆಯಲ್ಲಿದ್ದದ್ದು ಮಾವನ ಮೋಟರು. ಅದು ಗುಂಯ್ ಎಂದು ಗೊಣಗಿ ನಿಂತುಹೋಯಿತು. ಇಷ್ಟು ದಿನ ಅವ್ವನನ್ನು ನೋಡುತ್ತಿದ್ದ ಕಣ್ಣುಗಳೆಲ್ಲ ಅವನ ಕಡೆ ತಿರುಗಿದವು. ಗುಂಪಿನಲ್ಲಿ ಒಬ್ಬ "ಇವನ್ದೂ ಕಿತ್ಬುಡಿ" ಅಂದೇಬಿಟ್ಟ. ಸುಳ್ಳು ಯಾಕೆ ಹೇಳಲಿ, ನನಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಅವ್ವ ಮಾತ್ರ ಸೀದಾ ಹೋಗಿ ಮಾವನ ಪಕ್ಕ ನಿಂತಳು.

"ಮುಟ್ರಲಾ, ನೋಡೇ ಬುಡ್ತೀನಿ! ಇವತ್ತು ಇವನ್ದು ಕಿತ್ರೆ ನಾಳೆ ಕೊನೇಲಿ ಉಳ್ಯೋನ್ದು. ಎಲ್ಲಾರೂ ಆಟೋ ತೆಗ್ದು ಒಬ್ಬೊಬ್ರಾಗಿ ಹಾಕ್ಕಳಿ. ಆಗಲ್ಲ ಅಂದ್ರೆ ನಾವಿಬ್ರೂ ಟ್ರಾನ್ಸ್‌ಫಾರ್ಮರ್ ಮುಂದೇನೇ ಕೂತ್ಕತೀವಿ."

ಒಬ್ಬೊಬ್ಬರೇ ತಮ್ಮ ಮೋಟರು ನಿಲ್ಲಿಸಲು ಹೊರಟರು.

ಮಾವ ತಲೆ ತಗ್ಗಿಸಿಕೊಂಡೇ ಕೈ ಚಾಚಿದ. "ಅಕ್ಕಯ್ಯ, ಫ್ಯೂಸು ಕೊಡು. ಮೊದ್ಲು ನಿಂದು ಓಡ್ಲಿ, ನಾನೇ ಹಾಕ್ತೀನಿ."

"ಯಾಕ್ಲಾ, ನನ್ ಕೈಯೇನ್ ಬಿದ್ದೋಗಿದ್ಯಾ?" ಎಂದು ಅವ್ವ ತಾನೇ ಹೋಗಿ ಹಾಕಿದಳು.