ಹೊರಗೆ ಹೋಗದ ಚೆಂಡು

ಹೋದ ವಾರ ಬಾದಾಮಿಯ ಬಸ್ ನಿಲ್ದಾಣದ ಹೊರಗೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತಿತು. ಅಲ್ಲೇ ಕುಳಿತಿದ್ದ ರಿಪೇರಿಯವನು ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಣಗಿ ಸೆಟೆದ ಚರ್ಮ ಮೆತ್ತಗಾಗಲೆಂದು ಔಡಲ ಎಣ್ಣೆ ಸವರತೊಡಗಿದ. ಬಿಸಿಲಿಗೆ ಕಾದ ಚರ್ಮ, ಅದರ ಮೇಲೆ ಔಡಲ ಎಣ್ಣೆ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟೊಂದು ಎದೆಯಲ್ಲಿ ಎದ್ದು ಕೂತಿತು. ನಮ್ಮ ಕಾಲದ ಫುಟ್‌ಬಾಲಿಗೆ ಇದೇ ಎಣ್ಣೆ ಹಚ್ಚುತ್ತಿದ್ದೆವು. ಹಚ್ಚುತ್ತಿದ್ದವನು ನಮ್ಮ ಗೋಲ್‌ಕೀಪರ್.

ಅವನನ್ನು ನಾವೆಲ್ಲ ‘ಗೋಲಿ’ ಎಂದೇ ಕರೆಯುತ್ತಿದ್ದೆವು. ಕಲಾದಗಿಯವನು. ಬಾಗಲಕೋಟೆಯ ಕಾಲೇಜಿಗೆ ಬಂದಾಗ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ. ಎಪ್ಪತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆ ಕುಸ್ತಿ, ಕಬಡ್ಡಿ, ವಾಲಿಬಾಲ್ ಅಂದರೆ ಜನ ಸೇರುತ್ತಿದ್ದರು; ಫುಟ್‌ಬಾಲ್ ಅಂದರೆ ದನ ಮೇಯುವ ಮೈದಾನದಲ್ಲಿ ನಾವೇ ಆಡಿ ನಾವೇ ನೋಡಬೇಕಾಗಿತ್ತು. ನಾನು ಎಡಗಡೆಯ ಬ್ಯಾಕ್. ನನ್ನ ಬೆನ್ನ ಹಿಂದೆ ಅವನು. ಎದುರಾಳಿ ನನ್ನನ್ನು ದಾಟಿಹೋದರೂ ನಾನು ತಿರುಗಿ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ. ಘಟಪ್ರಭೆಯಲ್ಲಿ ಈಜಿ ಬೆಳೆದ ಉದ್ದನೆಯ ಕೈಗಳು ಅವನವು. ಚೆಂಡು ಅವುಗಳೊಳಗೆ ಹೋಗಿ ಸುಮ್ಮನಾಗಿಬಿಡುತ್ತಿತ್ತು.

ಧಾರವಾಡದಲ್ಲಿ ನಡೆದ ಆಯ್ಕೆಯಲ್ಲಿ ಯಾರೋ ದೊಡ್ಡವರ ಕಣ್ಣಿಗೆ ಬಿದ್ದ. ಅಲ್ಲಿಂದ ರಾಜ್ಯದ ತಂಡ, ಅಲ್ಲಿಂದ ದೇಶದ ಕಿರಿಯರ ತಂಡದ ಶಿಬಿರ. ಒಂದು ದಿನ ಸುದ್ದಿ ಬಂತು: ಹೊರದೇಶವೊಂದರಲ್ಲಿ ಹಲವು ದೇಶಗಳ ಕಿರಿಯರ ಪಂದ್ಯಾವಳಿ, ಅದಕ್ಕೆ ಹೊರಟ ನಮ್ಮ ದೇಶದ ತಂಡದಲ್ಲಿ ಗೋಲಿಯೂ ಇದ್ದಾನೆ! ಫುಟ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆಂದು ಗೊತ್ತಿಲ್ಲದವರೂ ನಮ್ಮನ್ನು ನಿಲ್ಲಿಸಿ ಚಹಾ ಕುಡಿಸಿದರು. ಅವನ ತಾಯಿ ಅವನನ್ನು ತುಳಸಿಗೇರಿಗೆ ಕರೆದುಕೊಂಡು ಹೋಗಿ ಹಣಮಪ್ಪನಿಗೆ ಕಾಯಿ ಒಡೆಸಿದಳು. ವಯಸ್ಸಿನ ಮಿತಿ ಇದ್ದ ಪಂದ್ಯಾವಳಿ ಅದು. ಮುಂದಿನ ವರ್ಷಕ್ಕೆ ಅವನ ವಯಸ್ಸು ಮೀರುತ್ತಿತ್ತು. ಅಂದರೆ ಇದೊಂದೇ ಸಲ.

ಅಲ್ಲಿ ಏನಾಯಿತು ಎಂಬುದನ್ನು ಅವನು ಹೇಳಿದ್ದು ನನ್ನೊಬ್ಬನಿಗೆ, ಬಂದ ಮೇಲೆ, ಹೊಳೆಯ ದಂಡೆಯ ಮೇಲೆ ಕೂತು. ತಂಡದಲ್ಲಿ ಅವನು ಎರಡನೆಯ ಗೋಲ್‌ಕೀಪರ್. ಮೊದಲಿನವನು ಬಂಗಾಲದ ಹುಡುಗ, ಒಳ್ಳೆಯ ಆಟಗಾರ. ಮೊದಲ ಪಂದ್ಯ ಸೋತರು. ಗೋಲಿ ಬೆಂಚಿನ ಮೇಲೆ. ಎರಡನೆಯದೂ ಸೋತರು. ಬೆಂಚಿನ ಮೇಲೆ. ಕೊನೆಯ ಪಂದ್ಯಕ್ಕೆ ಬರುವಷ್ಟರಲ್ಲಿ ನಮ್ಮವರು ಪಂದ್ಯಾವಳಿಯಿಂದ ಹೊರಬಿದ್ದಾಗಿತ್ತು. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. ಅವತ್ತಾದರೂ ಮೊದಲಿನಿಂದ ಇಳಿಸುತ್ತಾರೆ ಅಂದುಕೊಂಡಿದ್ದ. ಇಳಿಸಲಿಲ್ಲ.

ಆಟ ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ತರಬೇತುದಾರರು ಇವನ ಬೆನ್ನು ತಟ್ಟಿದರಂತೆ. ಇವನು ಮೇಲಂಗಿ ಕಳಚಿ, ಕೈಗವಸು ಹಾಕಿಕೊಂಡು ಗೆರೆಯ ಬಳಿ ನಿಂತ. ಆದರೆ ಆಟ ನಿಂತಾಗಲೇ ಬದಲಿ ಆಟಗಾರ ಒಳಗೆ ಹೋಗಬೇಕು. ಚೆಂಡು ಹೊರಗೆ ಹೋಗಬೇಕು, ಇಲ್ಲವೇ ರೆಫರಿ ಸೀಟಿ ಊದಬೇಕು. ಹಾಳಾದ ಚೆಂಡು ಹೊರಗೆ ಹೋಗಲೇ ಇಲ್ಲ. ಒಮ್ಮೆ ಗೆರೆಯ ಅಂಚಿಗೆ ಉರುಳಿ ಬಂದದ್ದನ್ನು ನಮ್ಮವನೇ ಒಬ್ಬ ಓಡಿ ಬಂದು, ಜಾರಿ ಬಿದ್ದು, ಒಳಗೆ ಉಳಿಸಿಕೊಂಡ. ಎಂದೂ ಹಾಗೆ ಓಡದವನು ಅವತ್ತು ಓಡಿದ.

“ನಾ ಒದರಿದ್ನಿ ಲೇ, ಹೊರಗ ಹೊಡೀರಿ, ಹೊರಗ ಹೊಡೀರಿ ಅಂತ. ಗಂಟಲ ಹರಿಯೂಹಂಗ ಒದರಿದ್ನಿ,” ಅಂದ ಗೋಲಿ. “ಆ ಗಡಬಿಡಿಯೊಳಗ ನಾ ಕನ್ನಡದಾಗ ಒದರಾಕತ್ತಿದ್ದು ನನಗ ಖಬರ ಇಲ್ಲ. ಅಲ್ಲಿ ಕನ್ನಡ ಯಾರಿಗೆ ತಿಳೀಬೇಕು?”

ರೆಫರಿ ಸೀಟಿ ಊದಿದ. ಆಟ ನಿಂತದ್ದಕ್ಕಲ್ಲ, ಮುಗಿದದ್ದಕ್ಕೆ. ಅವನು ಕೈಗವಸು ಹಾಕಿಕೊಂಡೇ ಗೆರೆಯ ಹೊರಗೆ ನಿಂತಿದ್ದ.

ಊರಿಗೆ ಬಂದಾಗ ಬಾಗಲಕೋಟೆಯಲ್ಲಿ ಸತ್ಕಾರ. ಶಾಲು, ಹಾರ, ಧ್ವನಿವರ್ಧಕ. ಒಬ್ಬರು ಮುಖಂಡರು, ಇವನು ಪರದೇಶದ ನೆಲದಲ್ಲಿ ನಿಂತು ದೇಶದ ಮಾನ ಕಾಪಾಡಿದ, ಬೆಂಕಿಯಂಥ ಚೆಂಡುಗಳನ್ನು ತಡೆದ ಎಂದು ಬಣ್ಣಿಸಿದರು. ಗೋಲಿಯ ಮುಖ ಕಪ್ಪಿಟ್ಟಿತು. ಮೈಕಿನ ಮುಂದೆ ಬಂದು ಒಂದೇ ಮಾತು ಹೇಳಿದ:

“ನಾ ಆಡಿಲ್ರಿ. ಒಂದು ನಿಮಿಷನೂ ಆಡಿಲ್ಲ. ಹೊರಗ ಕುಂತು ಬಂದೇನಿ.”

ಚಪ್ಪಾಳೆಯೋ ಚಪ್ಪಾಳೆ. “ಎಷ್ಟ ವಿನಯ ನೋಡ್ರಿ ಹುಡುಗಂದು!” ಎಂದರು ಮುಖಂಡರು. ವಿನಯವಲ್ಲ, ಖರೆ ಹೇಳುತ್ತಿದ್ದಾನೆ ಎಂದು ನಾನು ಪಕ್ಕದವರಿಗೆ ಹೇಳಹೋದೆ. ಅವರು ನನ್ನನ್ನು ಹೊಟ್ಟೆಕಿಚ್ಚಿನವನಂತೆ ನೋಡಿದರು. ವರ್ಷಗಟ್ಟಲೆ ಹೀಗೇ ನಡೆಯಿತು. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೊಬ್ಬರು, “ಫಾರಿನ್ನಿನಾಗ ಎಷ್ಟು ಗೋಲ್ ತಡದಿ?” ಎಂದು ಕೇಳುವುದು, ಅವನು ಇಲ್ಲ ಅನ್ನುವುದು, ಅವರು ನಕ್ಕು ಬೆನ್ನು ತಟ್ಟುವುದು. ಬರಬರುತ್ತ ಅವನು ಉತ್ತರ ಕೊಡುವುದನ್ನೇ ಬಿಟ್ಟ.

ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅವನಿಗೆ ಮೊಣಕಾಲಿನ ತೊಂದರೆಯಾಗಿ ಆಟ ನಿಂತಿತು. ಕಾಲೇಜು ಮುಗಿದ ಮೇಲೂ ಆಡುತ್ತಿದ್ದ ನಮ್ಮ ತಂಡಕ್ಕೆ ಅವನೇ ತರಬೇತುದಾರನಾದ. ನಾನು ನಾಯಕ. ಅವನ ಜಾಗಕ್ಕೆ ಬಂದ ಹೊಸ ಗೋಲ್‌ಕೀಪರ್ ಗಟ್ಟಿಗ. ಅವನಿಗೆ ಬದಲಿಯಾಗಿ ಇದ್ದವನು ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ ಮಾಡುವ ಒಬ್ಬ ಮೆತ್ತಗಿನ ಮನುಷ್ಯ. ನಮ್ಮಷ್ಟೇ ವಯಸ್ಸಾಗಿತ್ತು. ಎಲ್ಲ ಪಂದ್ಯಗಳಿಗೂ ಬರುತ್ತಿದ್ದ, ಒಂದರಲ್ಲೂ ಇಳಿದಿರಲಿಲ್ಲ. ಇಳಿಸಿ ಎಂದು ಬಾಯಿಬಿಟ್ಟು ಕೇಳಿದವನೂ ಅಲ್ಲ.

ಇಳಕಲ್ಲಿನಲ್ಲಿ ಒಂದು ಪಂದ್ಯಾವಳಿ. ಹುನಗುಂದದವರ ವಿರುದ್ಧ ಫೈನಲ್. ಅವತ್ತು ಮಗ್ಗಗಳಿಗೆ ರಜೆಯಿತ್ತೋ ಏನೋ, ನೇಕಾರರ ಓಣಿಗಳೇ ಮೈದಾನಕ್ಕೆ ಬಂದಂತಿತ್ತು. ಜೀವನದಲ್ಲಿ ಮೊದಲ ಸಲ ಅಷ್ಟು ಜನರ ಮುಂದೆ ನಾವು ಆಡುತ್ತಿದ್ದೆವು, ಅದೂ ಒಂದು ಗೋಲು ಮುಂದಿದ್ದೆವು. ಇನ್ನೇನು ಮುಗಿಯಬೇಕು. ಚೆಂಡು ನನ್ನ ಕಾಲಲ್ಲಿತ್ತು. ಅಷ್ಟರಲ್ಲಿ ಗೆರೆಯ ಕಡೆ ನೋಡುತ್ತೇನೆ, ಹತ್ತಿ ಜಿನ್ನಿನವನು ಕೈಗವಸು ಹಾಕಿಕೊಂಡು ನಿಂತಿದ್ದಾನೆ. ಅವನ ಹಿಂದೆ ಗೋಲಿ.

“ಹೊರಗ ಹೊಡಿ ಲೇ! ಚೆಂಡು ಹೊರಗ ಹೊಡಿ!”

ಬೇಡ ಎಂದು ತಲೆಯಾಡಿಸಿದೆ. ಮತ್ತೆ ಕೂಗಿದ. ಅವನ ಮುಖ ನೋಡಲಾಗಲಿಲ್ಲ. ಹೊಳೆಯ ದಂಡೆಯ ಮೇಲೆ ಅವನು ಹೇಳಿದ್ದೆಲ್ಲ ನೆನಪಾಯಿತು. ನನಗೆ ಕನ್ನಡ ಬರುತ್ತಿತ್ತಲ್ಲ... ಹೊಡೆದೆ. ಚೆಂಡು ಜನರ ನಡುವೆ ಹೋಗಿ ಬಿತ್ತು.

ಬದಲಿಯವನು ಹಿಂಜರಿಯುತ್ತಲೇ ಒಳಗೆ ಬಂದ. ಹುನಗುಂದದವರು ದೂರದಿಂದ ಒದ್ದ ಒಂದು ಸಾದಾ ಚೆಂಡು ಅವನ ಕೈಗೆ ಬಂದು, ಕೈಯಿಂದ ಜಾರಿ, ಕಾಲ ನಡುವೆ ನುಸುಳಿ ಗೋಲಾಯಿತು. ಸಮ. ಆಮೇಲೆ ಪೆನಾಲ್ಟಿಗಳಲ್ಲಿ ಅವನಿಗೆ ಒಂದನ್ನೂ ತಡೆಯಲಾಗಲಿಲ್ಲ. ಸೋತೆವು.

ಬೆವರು ಒರೆಸಿಕೊಳ್ಳುವ ಮೊದಲೇ ನಾನು ಗೋಲಿಯ ಅಂಗಿ ಹಿಡಿದೆ. “ನಿನ್ನ ಆಟ ಆಡಸಾಕ ನಮ್ಮ ಆಟ ಕೆಡಿಸಿದಿ. ಏನ್ ಮಾಡಿದ್ವೋ ನಾವು ನಿನಗ?”

“ಅಂವ ಎಷ್ಟ್ ವರ್ಷ ಕುಂತಾನಂತ ನಿನಗೇನ್ ಗೊತ್ತಲೇ?” ಎಂದು ಅವನೂ ಏರಿಬಂದ. “ಒಂದು ಕಪ್ಪಿಗೆ ಇಷ್ಟ್ಯಾಕ ಸಾಯ್ತಿ?”

ಆಗ ನೆಲಕ್ಕೆ ಕೂತಿದ್ದ ಬದಲಿಯವನು ತಲೆ ಎತ್ತಿದ. ಕಣ್ಣಲ್ಲಿ ನೀರು. “ನನ್ನ ಯಾಕ ಇಳಿಸಿದ್ರಿ ಸರ್? ನಾ ಕೇಳಿದ್ನೇನ್ರಿ ನಿಮ್ಮನ್ನ?” ಅಂದ.

ಗೋಲಿಯ ಕೈ ಕೆಳಗಿಳಿಯಿತು. ನಾನು ಬೈದದ್ದು ಅವನಿಗೆ ನಾಟಿರಲಿಲ್ಲ, ಇದು ನಾಟಿತು. ಆ ಮನುಷ್ಯ ಮತ್ತೆಂದೂ ಮೈದಾನಕ್ಕೆ ಬರಲಿಲ್ಲ. ಗೋಲಿಯೂ ಬರಲಿಲ್ಲ. ನಾವಿಬ್ಬರೂ ಮಾತು ಬಿಟ್ಟೆವು.

ಕೊನೆಯ ಸಲ ಕಂಡದ್ದು ಬಾದಾಮಿಯ ರೈಲು ನಿಲ್ದಾಣದಲ್ಲಿ, ಕೆಲವು ವರ್ಷಗಳ ಮೇಲೆ. ಕಣ್ಣುಗಳು ಹಳದಿಯಾಗಿದ್ದವು, ಮೈ ಅರ್ಧಕ್ಕರ್ಧ ಇಳಿದಿತ್ತು. ದವಾಖಾನೆಗೆಂದು ಹೊರಟಿದ್ದ. ಮನೆ, ಮಕ್ಕಳು, ಮಳೆ ಎಂದು ಏನೇನೋ ಮಾತಾಡಿದೆವು. ಗಾಡಿ ಹೊರಟಾಗ ಕಿಟಕಿಯಿಂದ ಕೇಳಿದ, “ಜಿನ್ನಿನಂವ ಈಗ ಆಡ್ತಾನೇನು?”

“ಇಲ್ಲೋ,” ಅಂದೆ.

ತಲೆಯಾಡಿಸಿದ. ಗಾಡಿ ಮುಂದೆ ಹೋಯಿತು. ಆ ವರ್ಷವೇ ತೀರಿಕೊಂಡ. ಕಲಾದಗಿಯಲ್ಲಿ ಅವನ ಮಣ್ಣಿಗೆ ಹೋದಾಗಲೂ ಒಬ್ಬರು ನನ್ನ ಪಕ್ಕ ನಿಂತು, “ದೇಶದ ಸಲುವಾಗಿ ಎಂಥ ಆಟ ಆಡಿದ್ದ!” ಎಂದು ಕಣ್ಣೊರೆಸಿಕೊಂಡರು. ನನಗೆ ಅಳುವುದೋ ಜಗಳಕ್ಕೆ ಬೀಳುವುದೋ ತಿಳಿಯಲಿಲ್ಲ.

ಈಗ ನನ್ನ ಮೊಣಕಾಲುಗಳೂ ಹೋಗಿವೆ. ಇಳಕಲ್ಲಿನ ಆ ಸಂಜೆ ಅವನು ಮಾಡಿದ್ದು ತಪ್ಪು ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಗೆಲ್ಲುವ ಪಂದ್ಯ ಅದು. ಅವನಿದ್ದಿದ್ದರೆ ಅಲ್ಲ ಅನ್ನುತ್ತಿದ್ದ, ನಾನು ಹೌದು ಅನ್ನುತ್ತಿದ್ದೆ, ಇಬ್ಬರೂ ಮುದುಕರು ಯಾವುದೋ ಚಹಾದಂಗಡಿಯಲ್ಲಿ ಕೂತು ಧ್ವನಿ ಏರಿಸುತ್ತಿದ್ದೆವು. ಆ ಪಂದ್ಯವನ್ನು ನೆನಪಿಟ್ಟವರು ಇನ್ನು ಯಾರೂ ಇಲ್ಲ. ಜಗಳ ಹಾಗೇ ಉಳಿದಿದೆ... ಆಡಲು ಅವನಿಲ್ಲ.