ಚಾರ್ಜ್ ವಹಿಸಿಕೊಳ್ಳುವವರು ಬರುವವರೆಗೆ

ಒಂದು ದೇಶದ ಖಜಾನೆಯನ್ನು ನಾನು ಕೆಲವು ವರ್ಷ ದೋಹಾದ ಬಿನ್ ಒಮ್ರಾನಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಕೂತು ನಡೆಸಿದ್ದೇನೆ ಎಂದರೆ ನಮ್ಮ ಮನೆಯಲ್ಲೇ ಯಾರೂ ನಂಬುವುದಿಲ್ಲ. ಕೆಳಗೆ ಕನ್ನಡಕದ ಅಂಗಡಿ, ಪಕ್ಕದಲ್ಲಿ ಲಾಂಡ್ರಿ. ಆ ಕೆಲಸಕ್ಕೆ ಸೇರಿದ ದಿನ ನನ್ನ ಗಂಡ, "ಮನೀ ಖರ್ಚಿನ ಲೆಕ್ಕ ಹತ್ತೂದಿಲ್ಲ ನಿನಗ, ದೇಶದ್ದು ಹತ್ತತದೇನು?" ಎಂದು ಊಟ ಮಾಡುವುದನ್ನು ಬಿಟ್ಟು ನಕ್ಕಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅವನಿಗೆ ಮಜ್ಜಿಗೆ ಹಾಕಲಿಲ್ಲ.

ನಡೆಸಿದ್ದೇನೆ ಎನ್ನುವುದು ಸ್ವಲ್ಪ ಜಂಬದ ಮಾತೇ. ನಾನು ಮಾಡುತ್ತಿದ್ದದ್ದು ಪತ್ರ ಬರೆಯುವ ಕೆಲಸ. ಆ ದೇಶ ಆಗಿನ್ನೂ ಹೊಸದಾಗಿ ಹುಟ್ಟಿತ್ತು. ಅದರ ಹೆಸರು ಹೇಳುವುದಿಲ್ಲ, ಅಲ್ಲಿ ಉಳಿದಿರುವವರಿಗೆ ನನ್ನಿಂದ ತೊಂದರೆಯಾಗುವುದು ಬೇಡ. ಧ್ವಜವಿತ್ತು, ರಾಷ್ಟ್ರಗೀತೆಯಿತ್ತು, ಮಂತ್ರಿಗಳಂತೂ ಬೇಕಾದಷ್ಟಿದ್ದರು. ನಂಬುವಂಥ ಬ್ಯಾಂಕು ಮಾತ್ರ ಇರಲಿಲ್ಲ. ಹಾಗಾಗಿ ನೆರವು ಕೊಡುವ ದೇಶಗಳೆಲ್ಲ ಸೇರಿ ದುಡ್ಡನ್ನು ದೋಹಾದ ಒಂದು ಖಾತೆಯಲ್ಲಿಟ್ಟು, ಅದನ್ನು ನೋಡಿಕೊಳ್ಳಲು ನಮ್ಮ ಸಣ್ಣ ಸಂಸ್ಥೆಯನ್ನು ನೇಮಿಸಿದ್ದವು. ಅಲ್ಲಿನ ಶಿಕ್ಷಕರ ಸಂಬಳವಿರಲಿ, ಆಸ್ಪತ್ರೆಯ ಔಷಧಿಯಿರಲಿ, ಮಂತ್ರಿಯ ಕಾರಿನ ಟೈರೇ ಇರಲಿ, ಆ ದೇಶದ ಖಜಾನೆಯಿಂದ ಸಹಿಯಾದ ಪತ್ರ ಬರಬೇಕು, ನಾವು ಒಪ್ಪಿ ಉತ್ತರ ಬರೆಯಬೇಕು, ಆಮೇಲೆಯೇ ಹಣ ಹೊರಡಬೇಕು.

ನನ್ನನ್ನು ತೆಗೆದುಕೊಂಡದ್ದಕ್ಕೆ ಒಂದೇ ಕಾರಣ. ಗಂಡನಿಗೆ ಇಲ್ಲಿ ಗ್ಯಾಸ್ ಕಂಪನಿಯಲ್ಲಿ ನೌಕರಿ ಸಿಕ್ಕಿ ಅಲ್ ಮನ್ಸೂರಾದ ಫ್ಲಾಟಿಗೆ ಬರುವ ಮುಂಚೆ ನಾನು ಉತ್ತರ ಕರ್ನಾಟಕದ ಒಂದು ಜಿಲ್ಲಾ ಖಜಾನೆಯಲ್ಲಿ ಗುಮಾಸ್ತೆಯಾಗಿದ್ದೆ. ಖಜಾನೆಯ ಪತ್ರ ಹೇಗಿರಬೇಕೆಂದು ನಮ್ಮ ಆಫೀಸಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಮೇಲೆ ವಿಷಯ, ಅದರ ಕೆಳಗೆ ಉಲ್ಲೇಖ, ಆಮೇಲೆ ಅಂಕಿ ಹಾಕಿದ ಕಂಡಿಕೆಗಳು, ಉತ್ತರ ಬಾರದಿದ್ದರೆ ನೆನಪೋಲೆ. ಬರೆಯುತ್ತಿದ್ದದ್ದು ಇಂಗ್ಲಿಷಿನಲ್ಲೇ. ಆದರೆ ನನ್ನ ತಲೆಯಲ್ಲಿ ಪ್ರತಿ ಪತ್ರವೂ ಮೊದಲು 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಸುವುದೇನೆಂದರೆ' ಎಂದೇ ಶುರುವಾಗುತ್ತಿತ್ತು. ಆ ಹೊಸ ದೇಶಕ್ಕೂ ಇದೇ ರೂಢಿಯಾಯಿತು. ಒಂದು ವರ್ಷದೊಳಗೆ ಅವರ ಪತ್ರಗಳು ನಮ್ಮ ಜಿಲ್ಲಾ ಖಜಾನೆಯ ಪತ್ರಗಳ ಹಾಗೇ ಬರತೊಡಗಿದವು. ಅದನ್ನು ನೋಡಿ ನನಗೆ ಆಗುತ್ತಿದ್ದ ಹೆಮ್ಮೆಯನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ.

ಅಲ್ಲಿಂದ ಬರೆಯುತ್ತಿದ್ದವರು ಒಬ್ಬರೇ, ಖಜಾನಾಧಿಕಾರಿ. ನನಗಿಂತ ಹಿರಿಯರು, ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ನಾನು ಅವರ ಮುಖ ನೋಡಲೇ ಇಲ್ಲ. ಆರಂಭದಲ್ಲಿ ಅವರ ಪತ್ರಗಳು ಒಣಗಿದ ರೊಟ್ಟಿಯ ಹಾಗಿದ್ದವು. ಒಂದು ಸಲ ಔಷಧಿಯ ಬಿಲ್ಲಿನ ಬಗ್ಗೆ ಬಂದ ಪತ್ರದಲ್ಲಿ ನಾಲ್ಕು ಕಂಡಿಕೆ ಮುಗಿದ ಮೇಲೆ ಐದನೆಯದೊಂದಿತ್ತು: 'ನನ್ನ ಮಗಳು ನರ್ಸಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾಳೆ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.' ನಾನು ಕಕ್ಕಾಬಿಕ್ಕಿಯಾದೆ. ಆಮೇಲೆ ಅದೇ ಗತ್ತಿನಲ್ಲಿ ಉತ್ತರ ಬರೆದೆ: 'ಕಂಡಿಕೆ ಐದನ್ನು ಪರಿಶೀಲಿಸಲಾಗಿದೆ. ಬಹಳ ಸಂತೋಷವಾಗಿದೆ.' ಅಂದಿನಿಂದ ಪ್ರತಿ ಪತ್ರದ ಕೊನೆಯ ಕಂಡಿಕೆ ನಮ್ಮಿಬ್ಬರ ಪಾಲಿಗೆ. ಅವರ ಹೆಂಡತಿಯ ಮಂಡಿನೋವು, ಅಲ್ಲಿನ ನದಿಯ ಪ್ರವಾಹ, ನನ್ನ ಮಗನಿಗೆ ಕನ್ನಡ ಓದಲು ಬಾರದಿರುವುದು, ಎಲ್ಲವೂ ಅಂಕಿ ಹಾಕಿಕೊಂಡು ಹೋಗಿಬಂದವು.

ಅಲ್ಲಿನ ಖಜಾನೆಗೆ ಒಂದು ಕೈಪಿಡಿ ಬೇಕಾದಾಗ ಬರೆದುಕೊಟ್ಟವಳು ನಾನೇ. ಅದರಲ್ಲೊಂದು ಅಧ್ಯಾಯ ಚಾರ್ಜ್ ಕೊಡುವುದರ ಬಗ್ಗೆ. ಭದ್ರತಾ ಕೊಠಡಿಯ ಕೀಲಿ ಯಾರ ಬಳಿ ಇದೆಯೋ ಅವರು, ತಮ್ಮ ಜಾಗಕ್ಕೆ ಇನ್ನೊಬ್ಬರು ಬಂದು ಎಲ್ಲವನ್ನೂ ನೋಡಿ ಸಹಿ ಮಾಡಿ ಚಾರ್ಜ್ ವಹಿಸಿಕೊಳ್ಳುವವರೆಗೆ, ಅಥವಾ ಮೇಲಿನವರಿಂದ ಲಿಖಿತ ಬಿಡುಗಡೆ ಆದೇಶ ಬರುವವರೆಗೆ ಸ್ಥಳ ಬಿಡಬಾರದು. ನಮ್ಮ ಕಡೆ ಇದು ಹೊಸದೇನಲ್ಲ. ವರ್ಗವಾದ ಸಾಹೇಬರು ಲಾರಿಗೆ ಸಾಮಾನು ಹೇರಿಸಿಟ್ಟು, ಚಾರ್ಜ್ ತಗೊಳ್ಳುವವರು ಬರಲಿಲ್ಲವೆಂದು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿದ್ದೇನೆ. ನಾವು ಗುಮಾಸ್ತರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೆವು.

ಇಡೀ ಕೈಪಿಡಿಯಲ್ಲಿ ಖಜಾನಾಧಿಕಾರಿಗೆ ಹಿಡಿಸಿದ್ದು ಆ ಅಧ್ಯಾಯವೇ. 'ಹಿಂದಿನ ಆಡಳಿತದಲ್ಲಿ ಗಲಾಟೆ ಎಂದ ಕೂಡಲೇ ಅಧಿಕಾರಿಗಳು ಕೀಲಿಯನ್ನು ಜೇಬಿಗಿಳಿಸಿ ಓಡಿಹೋಗುತ್ತಿದ್ದರು. ನಮ್ಮ ದೇಶದಲ್ಲಿ ಇನ್ನು ಹಾಗಾಗುವುದಿಲ್ಲ' ಎಂದು ಬರೆದರು. ಆ ಅಧ್ಯಾಯದ ಪ್ರತಿ ತೆಗೆಸಿ ಕಚೇರಿಯ ಗೋಡೆಗೆ ಅಂಟಿಸಿದ್ದೇನೆ ಎಂದೂ ತಿಳಿಸಿದರು.

ಆಮೇಲೆ ಅಲ್ಲಿ ಕಾಳಗ ಶುರುವಾಯಿತು. ಮೊದಲು ಗಡಿಯಲ್ಲಿ, ನಂತರ ರಾಜಧಾನಿಯ ಹೊರವಲಯದಲ್ಲಿ. ನಾನು ಬೆಳಿಗ್ಗೆ ಮೆಟ್ರೋದಲ್ಲಿ ಫೋನ್ ಹಿಡಿದು ಆ ದೇಶದ ಸುದ್ದಿ ಹುಡುಕುತ್ತಿದ್ದೆ. ಯಾವ ಚಾನೆಲ್ಲಿನವರಿಗೂ ಅದು ದೊಡ್ಡ ಸುದ್ದಿಯಾಗಿರಲಿಲ್ಲ. ಅವರ ಪತ್ರಗಳು ಮಾತ್ರ ಬರುತ್ತಿದ್ದವು. ಹೆಂಡತಿಯನ್ನೂ ಮಗಳನ್ನೂ ಗಡಿಯಾಚೆ ಕಳಿಸಿದ್ದೇನೆ ಎಂದು ಒಂದು ಕೊನೆಯ ಕಂಡಿಕೆಯಲ್ಲಿ ಓದಿದೆ. ಅದರ ಮುಂದಿನ ಪತ್ರದಲ್ಲಿ ಕಂಡಿಕೆ ಒಂದೇ ಇತ್ತು. ಮಂತ್ರಿಗಳು ಊರು ಬಿಟ್ಟಿದ್ದಾರೆ, ಕಾರ್ಯದರ್ಶಿಗಳ ಫೋನ್ ಹತ್ತುತ್ತಿಲ್ಲ, ಆದ್ದರಿಂದ ಚಾರ್ಜ್ ವಹಿಸಿಕೊಳ್ಳಲು ಯಾರನ್ನಾದರೂ ನೇಮಿಸಬೇಕು ಅಥವಾ ತನ್ನನ್ನು ಬಿಡುಗಡೆಗೊಳಿಸಬೇಕು ಎಂದು ಕೋರಿದ್ದರು.

ಅಲ್ಲಿನ ಭದ್ರತಾ ಕೊಠಡಿಯಲ್ಲಿ ಅಷ್ಟು ಹೊತ್ತಿಗೆ ಏನಿತ್ತೆಂದು ನನಗೆ ಗೊತ್ತಿತ್ತು. ಇದ್ದ ನಗದನ್ನೆಲ್ಲ ಸಂಬಳಕ್ಕೆ ಹಂಚಿಯಾಗಿತ್ತು. ಉಳಿದದ್ದು ಖಾಲಿ ಚೆಕ್ ಪುಸ್ತಕಗಳು, ರೆವಿನ್ಯೂ ಸ್ಟಾಂಪು, ಒಂದಷ್ಟು ರಬ್ಬರ್ ಮುದ್ರೆ. ಅಷ್ಟನ್ನು ಕಾಯುತ್ತ ಆ ಮನುಷ್ಯ ಗುಂಡು ಹಾರುವ ಊರಿನಲ್ಲಿ ಕೂತಿದ್ದರು.

ನಾನು ಪತ್ರ ಹಿಡಿದುಕೊಂಡು ಬಾಸ್ ಕೋಣೆಗೆ ಹೋದೆ. ಅವರು ಕುಂದಾಪುರದ ಕಡೆಯವರು, ಕೆಟ್ಟವರಲ್ಲ. ನನ್ನ ಮಗನಿಗೆ ಟೈಫಾಯ್ಡ್ ಆದಾಗ ತಾವೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದವರು. ಪತ್ರ ಓದಿ ಕನ್ನಡಕ ತೆಗೆದರು.

"ನಾವು ಏಜೆಂಟ್ ಮಾತ್ರ ಅಲ್ವಾ ಮೇಡಂ. ಇನ್ನೊಂದು ದೇಶದ ಅಧಿಕಾರಿಗೆ ಬಿಡುಗಡೆ ಕೊಡ್ಲಿಕ್ಕೆ ನಾವು ಯಾರು? ನಾಳೆ ಅಲ್ಲಿ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಹೊಣೆ ಯಾರು ಹೊರ್ತಾರೆ? ನಮ್ಮ ಲೈಸೆನ್ಸ್ ಖಲಾಸ್."

"ಸರ್, ನಾವು ಒಂದ್ ಸಾಲು ಬರದ್ರ ಅವರು ಜೀವಾ ಉಳಿಸ್ಕೊಂಡು ಹೋಗ್ತಾರ. ಇಲ್ಲಂದ್ರ ಹೋಗಂಗಿಲ್ಲ. ನನಗ ಆ ಮನಷ್ಯಾ ಗೊತ್ತು."

"ಸಂಬಂಧಪಟ್ಟ ಮಂತ್ರಾಲಯಕ್ಕೆ ಬರೀಲಿಕ್ಕೆ ಹೇಳಿ. ಅಷ್ಟೇ ನಮ್ಮ ಕೈಲಿರೋದು."

"ಮಂತ್ರೀನ ಓಡಿ ಹೋಗ್ಯಾನ್ರೀ!" ಎಂದು ನಾನು ಕಿರುಚಿದ್ದು ಹೊರಗೆ ಕೂತವರಿಗೂ ಕೇಳಿಸಿತು. ಬಾಸ್ ಮುಖ ಕೆಂಪಾಯಿತು. ಆದರೆ ಮಾತು ಬದಲಾಗಲಿಲ್ಲ. ಕಾನೂನು ವಿಭಾಗಕ್ಕೆ ಕಳಿಸಿ ನೋಡುತ್ತೇನೆ ಎಂದರು. ಅಲ್ಲಿಂದಲೂ ಅದೇ ಉತ್ತರ ಬಂತು. ಖಜಾನಾಧಿಕಾರಿಯಿಂದ ಮೊದಲ ನೆನಪೋಲೆ ಬಂತು, ಎರಡನೆಯದೂ ಬಂತು. ನನ್ನ ಮೇಜಿನ ಮೇಲೆ ಅವು ಹಾಗೇ ಇದ್ದವು.

ನಾನೇ ಫೋನ್ ಮಾಡಿದೆ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ದನಿ ನಾನು ಅಂದುಕೊಂಡದ್ದಕ್ಕಿಂತ ತೆಳ್ಳಗಿತ್ತು. ಸರ್, ಕೀಲಿ ಅಲ್ಲೇ ಬಿಟ್ಟು ಹೊರಡಿ, ನಿಮ್ಮ ಹೆಂಡತಿ ಕಾಯುತ್ತಿದ್ದಾರೆ ಎಂದೆ. ಅವರು ಇದು ಆದೇಶವೇ ಮೇಡಂ ಎಂದು ಕೇಳಿದರು. ಅಲ್ಲ, ನಾನು ಹೇಳುತ್ತಿದ್ದೇನೆ ಅಷ್ಟೇ ಎಂದೆ. ಹಾಗಾದರೆ ಇನ್ನೊಂದೆರಡು ದಿನ ನೋಡುತ್ತೇನೆ, ನಿಮ್ಮ ಪತ್ರ ಬರಬಹುದು ಎಂದರು. ಅವರ ಹಿಂದೆ ಎಲ್ಲೋ ಏನೋ ಸಿಡಿದ ಸದ್ದು ಕೇಳಿಸಿತು.

ಮನೆಗೆ ಬಂದು ನನ್ನ ಸ್ವಂತ ಈಮೇಲಿನಿಂದ ಬರೆದೆ. ನಾನು ಆ ಕೈಪಿಡಿ ಬರೆದವಳು, ಆ ಅಧ್ಯಾಯ ನಿಮಗೆ ಇನ್ನು ಅನ್ವಯಿಸುವುದಿಲ್ಲ, ನಿಮ್ಮನ್ನು ಬಿಡುಗಡೆ ಮಾಡಿದ್ದೇನೆ, ಹೊರಡಿ ಎಂದು. ಕೆಲಸ ಹೋದರೆ ಹೋಗಲಿ ಎಂದುಕೊಂಡಿದ್ದೆ. ಮಾರನೇ ದಿನ ಮಧ್ಯಾಹ್ನ ಉತ್ತರ ಬಂತು, ವಿಷಯ, ಉಲ್ಲೇಖ ಎಲ್ಲವನ್ನೂ ಹಾಕಿ. ತಮ್ಮ ಪತ್ರಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಅದು ಸಕ್ಷಮ ಪ್ರಾಧಿಕಾರದಿಂದ ಬಂದಿರುವುದಿಲ್ಲ. ದಯವಿಟ್ಟು ಸೂಕ್ತ ಮಾರ್ಗದ ಮೂಲಕ ಕಳುಹಿಸಿಕೊಡಬೇಕು.

ಓದಿ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಅಡುಗೆಮನೆಯಲ್ಲಿ ನಿಂತು, ಕಾಣದ ಆ ಮನುಷ್ಯನನ್ನು ನಮ್ಮ ಊರಿನ ಭಾಷೆಯಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಪಾತ್ರೆ ಎತ್ತಿ ಹಾಕಿದೆ. ನನ್ನ ಮಗ ಹೆದರಿ ಇಂಗ್ಲಿಷಿನಲ್ಲಿ ಏನಾಯಿತೆಂದು ಕೇಳಿದ. ಅದು ಅವರ ಕೊನೆಯ ಪತ್ರ. ಆ ವಾರ ರಾಜಧಾನಿ ಬಿತ್ತು.

ಖಾತೆಯನ್ನು ತಡೆಹಿಡಿದರು, ನಮ್ಮ ಕರಾರು ಮುಗಿಯಿತು. ನನ್ನನ್ನು ಒಂದು ಕಟ್ಟಡ ಕಂಪನಿಯ ಲೆಕ್ಕಪತ್ರ ನೋಡಲು ಹಾಕಿದರು. ಬಾಸ್ ಕೆಲವು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ. ಒಂದು ದಿನ ಲಿಫ್ಟಿನಲ್ಲಿ, "ನಂಗೂ ನಿದ್ರೆ ಬರ್ಲಿಲ್ಲ ಮಾರಾಯ್ತಿ" ಎಂದರು. ರಾಯಭಾರ ಕಚೇರಿಗಳಿಗೆ, ನೆರವಿನ ಸಂಸ್ಥೆಗಳಿಗೆ, ಯಾರಾರಿಗೋ ಬರೆದು ಅವರ ಬಗ್ಗೆ ವಿಚಾರಿಸಿದೆ. ಎಲ್ಲರೂ ಸಭ್ಯವಾಗಿ ಮಾಹಿತಿ ಇಲ್ಲವೆಂದರು. ಗಂಡ ಒಂದು ಸಂಜೆ ಚಹಾ ತಾನೇ ಮಾಡಿ ತಂದುಕೊಟ್ಟು ಪಕ್ಕದಲ್ಲಿ ಕೂತ.

"ನೀ ಏನ್ ಮಾಡಬೇಕಿತ್ತು ಹೇಳು? ಇಲ್ಲಿಂದ ಹೋಗಿ ಕೈ ಹಿಡಕೊಂಡು ಕರಕೊಂಡ್ ಬರ್ತಿದ್ದೆ ಏನು? ಬರದಿ, ಫೋನ್ ಮಾಡಿದಿ. ಕೇಳ್ಲಿಲ್ಲ ಅವರು."

"ಕೇಳೂ ಹಂಗ ನಾನ ಕಲಿಸಿರಲಿಲ್ಲ," ಎಂದೆ.

ಸುಮಾರು ಒಂದು ವರ್ಷವಾದ ಮೇಲೆ, ಶುಕ್ರವಾರ ಬೆಳಿಗ್ಗೆ, ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಕರೆ ಬಂತು. ಒಬ್ಬ ಹೆಣ್ಣುಮಗಳು. ನಿಧಾನವಾಗಿ, ಒಂದೊಂದೇ ಪದ ಜೋಡಿಸಿಕೊಂಡು ಇಂಗ್ಲಿಷಿನಲ್ಲಿ ತಾನು ಯಾರ ಮಗಳೆಂದು ಹೇಳಿದಳು. ನರ್ಸಿಂಗ್ ಪಾಸಾದ ಮಗಳು. ನೆರೆಯ ದೇಶದ ಒಂದು ಶಿಬಿರದಲ್ಲಿ ತಾಯಿಯೊಂದಿಗೆ ಇದ್ದಾಳೆ. ತಂದೆಯ ಫೋನಿನಲ್ಲಿದ್ದ ನಂಬರುಗಳನ್ನು ಗಡಿ ದಾಟುವ ಮುಂಚೆಯೇ ಬರೆದಿಟ್ಟುಕೊಂಡಿದ್ದಳಂತೆ; ಪ್ರತಿ ಪತ್ರದ ಕೆಳಗೆ ನಾನು ಹಾಕುತ್ತಿದ್ದ ನನ್ನ ನಂಬರೂ ಅದರಲ್ಲಿತ್ತು.

ನಾನು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಾಗೇ ಹಿಡಿದುಕೊಂಡು, ಅಪ್ಪ ಎಲ್ಲಿದ್ದಾರೆ ಎಂದು ಕೇಳಿದೆ. ಇಲ್ಲ ಎಂದಳು. ಖಜಾನೆಯ ಕಟ್ಟಡಕ್ಕೆ ಬೆಂಕಿ ಬಿದ್ದ ದಿನ ಅವರು ಒಳಗೇ ಇದ್ದರೆಂದು ಅಲ್ಲಿನ ಕಾವಲುಗಾರ ಬಂದು ಹೇಳಿದನಂತೆ. ಕಣ್ಣಾರೆ ಕಂಡವನು ಅವನೊಬ್ಬನೇ. ಈಗ ಅಧಿಕಾರಕ್ಕೆ ಬಂದವರು ಅವರನ್ನು ಕೆಲಸ ಬಿಟ್ಟು ಓಡಿಹೋದವರ ಪಟ್ಟಿಯಲ್ಲಿ ಸೇರಿಸಿದ್ದಾರಂತೆ. ಅವರು ಅನುಮತಿ ಪಡೆದೇ ಹೊರಟರೆಂದು ತೋರಿಸುವ ಬಿಡುಗಡೆ ಆದೇಶವೂ ಇಲ್ಲ, ಸತ್ತರೆಂದು ತೋರಿಸಲು ದೇಹವೂ ಇಲ್ಲ. ನಾನು ಅಲ್ಲೇ ಬಾಲ್ಕನಿಯ ನೆಲದ ಮೇಲೆ ಕೂತೆ. ಅವರು ಓಡಿಹೋಗಲಿಲ್ಲವೆಂದು ನಾನು ಯಾರಿಗೆ ಬೇಕಾದರೂ ಬರೆದುಕೊಡುತ್ತೇನೆ, ನನ್ನ ಮಾತು ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ, ಆದರೂ ಬರೆಯುತ್ತೇನೆ ಎಂದೆ.

ಅದಕ್ಕಾಗಿ ಕರೆ ಮಾಡಲಿಲ್ಲ ಎಂದಳು. ಹಾಗೆ ಹೇಳಿ ತಡವರಿಸಿದಳು. ಹತ್ತಿರದಲ್ಲೇ ಯಾರೋ ಹೆಂಗಸು ಏನೋ ಕೇಳಿದರು, ಇವಳು ತಮ್ಮ ಭಾಷೆಯಲ್ಲಿ ತಾಳು ಎನ್ನುವಂತೆ ಏನೋ ಹೇಳಿದಳು.

ತಾಯಿ ಅಂದಿನಿಂದ ಅಪ್ಪನ ಹೆಸರು ಎತ್ತುವುದಿಲ್ಲವಂತೆ. ಯಾರಾದರೂ ಎತ್ತಿದರೆ ಎದ್ದು ಹೋಗುತ್ತಾರಂತೆ. ನಾವು ಗಡಿಯಲ್ಲಿ ಕಾದೆವು, ಆ ಮನುಷ್ಯನಿಗೆ ನಮಗಿಂತ ಕೀಲಿಯೇ ಹೆಚ್ಚಾಯಿತು, ನಮ್ಮ ಹತ್ತಿರ ಬರುವ ಮನಸ್ಸೇ ಇರಲಿಲ್ಲ ಎನ್ನುತ್ತಾರಂತೆ. ಅಪ್ಪ ಕೊನೆಯಲ್ಲಿ ನಿಮ್ಮೊಬ್ಬರಿಗೇ ಬರೆಯುತ್ತಿದ್ದರು, ಆದ್ದರಿಂದ ಕೇಳುತ್ತಿದ್ದೇನೆ ಎಂದಳು. ನಮ್ಮ ಹತ್ತಿರ ಬರಬೇಕೆಂದು ಅವರು ಒಂದು ಸಲವಾದರೂ ಕೇಳಿದ್ದರೇ?

ಕೇಳಿದ್ದರು ಎಂದೆ. ಮತ್ತೆ ಮತ್ತೆ ಕೇಳಿದ್ದರು. ನನ್ನನ್ನು ಬಿಡಿ, ನಾನು ಹೋಗಬೇಕು ಎಂದು ಬರೆದು, ಉತ್ತರ ಬರಲಿಲ್ಲವೆಂದು ನೆನಪು ಮಾಡಿ ಇನ್ನೊಮ್ಮೆ ಬರೆದಿದ್ದರು. ಉತ್ತರ ಕೊಡದವರು ನಾವು.

ಅವಳು ಫೋನನ್ನು ದೂರ ಹಿಡಿದು ತಾಯಿಗೆ ತಮ್ಮ ಭಾಷೆಯಲ್ಲಿ ಹೇಳಿದಳು. ನನಗೆ ಒಂದು ಪದವೂ ಅರ್ಥವಾಗಲಿಲ್ಲ. ಆ ತಾಯಿ ಅಳಲು ಶುರುಮಾಡಿದ್ದು ಕೇಳಿಸಿತು. ವರ್ಷವಿಡೀ ತಡೆದಿಟ್ಟುಕೊಂಡದ್ದನ್ನೆಲ್ಲ ಒಟ್ಟಿಗೆ ಅಳುತ್ತಿದ್ದರು. ಮಗಳು ಕರೆ ನಿಲ್ಲಿಸಲು ಮರೆತಿದ್ದಳು, ನಿಲ್ಲಿಸಲು ನನಗೂ ಧೈರ್ಯವಾಗಲಿಲ್ಲ.